ದಿನಚರಿ ಪುಸ್ತಕಕ್ಕೆ ಕೌದಿಯ ಹೊದಿಕೆ

ಕಾಣಿಕೆಗಳಲ್ಲಿ ಎರಡು ವಿಧಗಳುಂಟು. ಹಣವನ್ನು ತೆತ್ತು ಕೊಂಡು ಕೊಡತಕ್ಕದ್ದು ಒಂದು. ಸಮಯವನ್ನು ತೆತ್ತು ಮಾಡಿ ಕೊಡತಕ್ಕದ್ದು ಮತ್ತೊಂದು. ಮೊದಲನೆಯದು ಹೀನವೆಂದು ಯಾರೂ ಹೇಳಲಾರರು. ಆದರೆ ಎರಡನೆಯದರಲ್ಲಿ ಕೊಡುವವಳ ಒಂದು ಅಂಶವೇ ಸೇರಿರುತ್ತದೆ. ಯೊಪ್ಪ ಪಟ್ಟಣದ ತಬಿಥಾಳ ವೃತ್ತಾಂತವನ್ನು ನಮ್ಮ ಶಾಲೆಯಲ್ಲಿ ಕಲಿತವರೆಲ್ಲರೂ ಬಲ್ಲರು. ಆಕೆ ತೀರಿಹೋದಾಗ ಬಡ ವಿಧವೆಯರು ಪೇತ್ರನಿಗೆ ತೋರಿಸಿದ್ದು ಆಕೆಯ ಹಣವನ್ನಲ್ಲ, ಆಕೆ ತಮಗಾಗಿ ಹೊಲಿದುಕೊಟ್ಟ ಬಟ್ಟೆಗಳನ್ನು. ಮಾತಿನಿಂದ ಹೇಳಲಾಗದ್ದನ್ನು ಆ ಹೊಲಿಗೆಗಳೇ ಹೇಳಿದವು.

ಈ ಸ್ಮರಣಸಂಚಿಕೆಯಲ್ಲಿ ಅಂಥ ಒಂದು ಸಣ್ಣ ಕಾಣಿಕೆಯನ್ನು ಮಾಡುವ ಕ್ರಮವನ್ನು ವಿವರಿಸಲು ಉದ್ದೇಶಿಸಿದ್ದೇನೆ. ಅದು ದಿನಚರಿ ಪುಸ್ತಕಕ್ಕೆ ಕೌದಿಯಂತೆ ಪದರಪದರವಾಗಿ ಹೊಲಿದ ಬಟ್ಟೆಯ ಹೊದಿಕೆ. ಶಾಲೆಯನ್ನು ಬಿಟ್ಟುಹೋಗುವ ಮಗಳಿಗೆ, ಪರವೂರಿಗೆ ಉದ್ಯೋಗಕ್ಕೆ ಹೋಗುವ ತಂಗಿಗೆ, ಮದುವೆಯಾಗಿ ಹೊರಡುವ ಗೆಳತಿಗೆ ಇದು ತಕ್ಕ ಉಡುಗೊರೆ.

ಇದನ್ನು ಆರಿಸಿಕೊಂಡದ್ದಕ್ಕೆ ಒಂದು ಕಾರಣವುಂಟು. ಹೆಣ್ಣುಮಕ್ಕಳಿಗೆ ಸೂಜಿ ಸಾಕು, ಪುಸ್ತಕವೇಕೆ ಎಂದು ಕೇಳುತ್ತಿದ್ದ ಕಾಲವೊಂದಿತ್ತು. ಆ ಕಾಲದಲ್ಲಿ ಮಿಷನ್ ಬಾಲಿಕಾಶಾಲೆಗಳು ಹೊಲಿಗೆಯನ್ನೂ ಅಕ್ಷರವನ್ನೂ ಜೊತೆಯಾಗಿ ಕಲಿಸಿದವು. ಹೊಲಿಗೆಯ ಆಸೆಯಿಂದ ಕಳುಹಿಸಲ್ಪಟ್ಟ ಮಕ್ಕಳು ಓದನ್ನೂ ಕಲಿತು ಮನೆಗೆ ಮರಳಿದರು. ಈಗ ಪ್ರಶ್ನೆಯು ತಲೆಕೆಳಗಾಗಿದೆ. ಪುಸ್ತಕ ಸಾಕು, ಸೂಜಿಯೇಕೆ ಎಂದು ಕೇಳುವ ತಂದೆತಾಯಿಗಳು ಬಹಳ ಮಂದಿ. ನನ್ನ ಎಣಿಕೆಯಲ್ಲಿ ಇವೆರಡು ಪ್ರಶ್ನೆಗಳೂ ಒಂದೇ ತಪ್ಪಿನಿಂದ ಹುಟ್ಟಿದವು. ಸೂಜಿಯೂ ಲೇಖನಿಯೂ ಪರಸ್ಪರ ವೈರಿಗಳೆಂಬುದೇ ಆ ತಪ್ಪು. ನಮ್ಮ ಸಹ್ಯಾದ್ರಿಯ ಗಂಗಾಮೂಲದಲ್ಲಿ 1858 ರಲ್ಲಿ ಹುಟ್ಟಿದ ಪಂಡಿತೆ ರಮಾಬಾಯಿಯವರು ಪುಣೆಯ ಸಮೀಪದ ಕೇಡಗಾಂವದಲ್ಲಿ ಕಟ್ಟಿದ ಮುಕ್ತಿ ಮಿಷನಿನಲ್ಲಿ ಹೊಲಿಗೆ ನೇಯ್ಗೆಗಳೂ ಇದ್ದವು, ಅಚ್ಚುಕೂಟವೂ ಇತ್ತು. ಅವರು ಮರಾಠಿಗೆ ಅನುವಾದಿಸಿದ ಸತ್ಯವೇದವು ಅಲ್ಲಿಯ ಸ್ತ್ರೀಯರ ಕೈಗಳಿಂದಲೇ ಅಚ್ಚಾಯಿತು. ದಿನಚರಿಯ ಹೊದಿಕೆಯು ಸಣ್ಣ ವಸ್ತುವೇ ಸರಿ. ಆದರೆ ಅದರಲ್ಲಿಯೂ ಸೂಜಿಯು ಲೇಖನಿಯ ಸೇವೆಯನ್ನು ಮಾಡುತ್ತದೆ.

ಪೂರ್ವದ ನಿದರ್ಶನಗಳು

ಹಳೆಯ ಬಟ್ಟೆಯನ್ನು ಪದರಗಳಾಗಿ ಹಾಸಿ ಓಟದ ಹೊಲಿಗೆಯಿಂದ ಒಂದುಗೂಡಿಸುವ ವಿದ್ಯೆಯನ್ನು ನಾವು ಪರದೇಶದಿಂದ ಕಲಿಯಬೇಕಾದ್ದಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ತಾಯಂದಿರು ಸವೆದ ಸೀರೆ ಧೋತರಗಳಿಂದ ಕೌದಿಯನ್ನು ಹೊಲಿಯುವರು. ಆಫ್ರಿಕಾ ಮೂಲದವರಾಗಿ ಉತ್ತರ ಕನ್ನಡದ ಕಾಡುಗಳ ನಡುವೆ ನೆಲೆಸಿರುವ ಸಿದ್ದಿ ಜನಾಂಗದ ಸ್ತ್ರೀಯರ ಕೌದಿಗಳು ಇನ್ನೂ ವಿಶೇಷವಾದವು. ಅವರು ಅಂಚಿನಿಂದ ಆರಂಭಿಸಿ ಬಣ್ಣಬಣ್ಣದ ತುಂಡುಗಳನ್ನು ಸುತ್ತಲೂ ಕೂಡಿಸುತ್ತಾ ನಡುವಿಗೆ ಬರುವರು. ಕೊನೆಗೆ ಮೂಲೆಗಳಲ್ಲಿ ಮಡಿಸಿದ ತ್ರಿಕೋಣದ ತುಂಡುಗಳನ್ನು ಹೂವೆಂದು ಕರೆದು ಸೇರಿಸುವರು. ಆ ಹೂವಿಲ್ಲದೆ ಕೌದಿಯು ಪೂರ್ಣವಾಗದು. ಬಂಗಾಳದಲ್ಲಿ ಇದೇ ಜಾತಿಯ ಕೆಲಸಕ್ಕೆ ಕಾಂಥಾ ಎಂದು ಹೆಸರು. ಅಲ್ಲಿ ಹಾಸಿಹೊದೆಯುವುದಕ್ಕೆ ಮಾತ್ರವಲ್ಲದೆ ಪುಸ್ತಕಗಳನ್ನು ಸುತ್ತಿಡುವುದಕ್ಕೂ ಸಣ್ಣ ಕಾಂಥಾಗಳನ್ನು ಹೊಲಿಯುವ ವಾಡಿಕೆಯುಂಟು.

ಪುಸ್ತಕದ ಹೊದಿಕೆಯನ್ನು ಕಾಣಿಕೆಯಾಗಿ ಹೊಲಿದುಕೊಟ್ಟ ಹುಡುಗಿಯರಲ್ಲಿ ಅತ್ಯಂತ ಪ್ರಸಿದ್ಧಳು ಇಂಗ್ಲೆಂಡಿನ ರಾಜಪುತ್ರಿ ಎಲಿಜಬೆತ್. 1544 ನೆಯ ಇಸವಿಯ ಕೊನೆಯಲ್ಲಿ, ತನ್ನ ಹನ್ನೊಂದನೆಯ ವಯಸ್ಸಿನಲ್ಲಿ, ಆಕೆ ತನ್ನ ಮಲತಾಯಿಯಾದ ರಾಣಿ ಕ್ಯಾಥರಿನ್ ಪಾರ್ ಎಂಬವಳಿಗೆ ಹೊಸ ವರ್ಷದ ಕಾಣಿಕೆಯಾಗಿ ಫ್ರೆಂಚ್ ಭಾಷೆಯ ಒಂದು ಭಕ್ತಿಕಾವ್ಯವನ್ನು ಇಂಗ್ಲಿಷಿಗೆ ತಿರುಗಿಸಿ ಸ್ವಹಸ್ತದಿಂದ ಬರೆದಳು. ಅದರ ನೀಲಿ ಹೊದಿಕೆಯನ್ನೂ ಅವಳೇ ಹೊಲಿದಳೆಂದು ನಂಬಲಾಗಿದೆ. ನಡುವೆ ರಾಣಿಯ ಹೆಸರಿನ ಮೊದಲಕ್ಷರಗಳು, ಸುತ್ತಲೂ ಹೆಣೆದುಕೊಂಡಿರುವ ಬಳ್ಳಿಯಂಥ ಗಂಟು, ನಾಲ್ಕು ಮೂಲೆಗಳಲ್ಲಿ ಪ್ಯಾನ್ಸಿ ಹೂವುಗಳು. ಆ ಪುಸ್ತಕವು ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ ಸುರಕ್ಷಿತವಾಗಿದೆ. ಅದರೊಡನೆ ಕಳುಹಿಸಿದ ಪತ್ರದಲ್ಲಿ ಆ ಬಾಲಿಕೆಯು ಒಂದು ವಿಜ್ಞಾಪನೆಯನ್ನು ಮಾಡಿದ್ದಾಳೆ: ತನ್ನ ಬರಹದ ತಪ್ಪುಗಳು ತಿದ್ದಲ್ಪಡುವ ತನಕ ರಾಣಿಯ ಹೊರತು ಮತ್ತಾರಿಗೂ ಅದನ್ನು ತೋರಿಸಬಾರದೆಂದು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕಡೆಯಲ್ಲಿ ಅದು ನಮಗೆ ಬೇಕಾಗುವುದು.

ಬಟ್ಟೆಯ ಆಯ್ಕೆ

ಈ ಕೆಲಸಕ್ಕೆ ಹತ್ತಿಯ ಬಟ್ಟೆಯೇ ಉತ್ತಮ. ಹಳೆಯ ಸೀರೆ, ಸಣ್ಣದಾದ ಶಾಲೆಯ ಸಮವಸ್ತ್ರ, ತಮ್ಮನ ಅಂಗಿ, ಇವೆಲ್ಲವೂ ಉಪಯೋಗಕ್ಕೆ ಬರುವವು. ಹಳೆಯ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಎಲ್ಲಿ ಬೆಳಕು ತೂರಿಬರುವುದೋ ಅಲ್ಲಿ ನೂಲು ಸವೆದಿದೆ. ಆ ಭಾಗವನ್ನು ಬಿಡಬೇಕು. ಸೀರೆಯಲ್ಲಿ ಕುಳಿತುಕೊಳ್ಳುವಾಗ ಒತ್ತುವ ಭಾಗವೂ ನೆಲಕ್ಕೆ ತಗಲುವ ಅಂಚೂ ಮೊದಲು ಸವೆಯುತ್ತವೆ; ಒಳಸುತ್ತಿನಲ್ಲಿ ಅಡಗಿರುವ ಭಾಗವು ಗಟ್ಟಿಯಾಗಿ ಉಳಿದಿರುತ್ತದೆ. ಹೊಸ ಬಟ್ಟೆಯನ್ನು ತಂದರೆ ಕತ್ತರಿಸುವ ಮುಂಚೆ ಒಗೆದು ಒಣಗಿಸತಕ್ಕದ್ದು. ಯಾಕಂದರೆ ಹತ್ತಿಯು ಮೊದಲ ನೀರಿನಲ್ಲಿ ಕುಗ್ಗುತ್ತದೆ; ಒಂದು ತುಂಡು ಕುಗ್ಗಿ ಇನ್ನೊಂದು ಕುಗ್ಗದಿದ್ದರೆ ಹೊದಿಕೆಯು ಮುದುಡುವುದು. ಕೆಂಪು, ನೀಲಿ ಬಣ್ಣಗಳ ಮೇಲೆ ಒದ್ದೆಯಾದ ಬಿಳಿಯ ಬಟ್ಟೆಯನ್ನು ಉಜ್ಜಿ, ಬಣ್ಣ ಬಿಡುವುದೋ ಇಲ್ಲವೋ ಎಂದು ಪರೀಕ್ಷಿಸಬೇಕು.

ತೀರಿಹೋದ ಅಜ್ಜಿಯ ಸೀರೆಯನ್ನು ಸೇರಿಸಬೇಕೆಂದು ಅನೇಕರಿಗೆ ಆಸೆಯಾಗುತ್ತದೆ. ಒಳ್ಳೆಯ ಆಸೆಯೇ. ಆದರೆ ಮನೆಯವರ ಒಪ್ಪಿಗೆಯಿಲ್ಲದೆ ಅದಕ್ಕೆ ಕತ್ತರಿಯಿಡಕೂಡದು. ಒಂದೇ ಒಂದು ಪಟ್ಟಿಯು ಸಾಕು, ಅದೂ ಒಳಸುತ್ತಿನ ಕಡೆಯಿಂದ. ಸೆರಗನ್ನು ಹಾಗೆಯೇ ಉಳಿಸಿರಿ. ಕಾಣಿಕೆಯನ್ನು ಪಡೆಯುವವಳು ಆ ಒಂದು ಪಟ್ಟಿಯ ಮೇಲೆ ಬೆರಳಿಟ್ಟು ಗುರುತಿಸುವಳು.

ನಡುವಿನ ಪದರಕ್ಕೆ ಹತ್ತಿಯ ಫ್ಲಾನೆಲ್ ಯಾ ಹಳೆಯ ತೆಳುವಾದ ಹಚ್ಚಡದ ತುಂಡು ಸಾಕು. ದಪ್ಪವಾದ ಹತ್ತಿಯನ್ನು ತುಂಬಿದರೆ ಚೆಂದವೆಂದು ಹುಡುಗಿಯರು ಎಣಿಸುವುದುಂಟು. ಹಾಗೆ ಮಾಡಿದರೆ ಪುಸ್ತಕವು ಮುಚ್ಚಿಕೊಳ್ಳದೆ ಬಾಯಿ ತೆರೆದುಕೊಂಡಿರುವುದು. ಇದಲ್ಲದೆ ಪದರದ ಹಿಂಬದಿಗೆ ಒಂದು ತೆಳುವಾದ ಮಲ್ ಬಟ್ಟೆ, ಅಸ್ತರಿಗೆ ಒಂದೇ ಬಣ್ಣದ ಹತ್ತಿಯ ಬಟ್ಟೆ, ಹತ್ತಿಯ ದಾರ, ಸಣ್ಣ ಸೂಜಿ, ಗುಂಡುಸೂಜಿಗಳು, ಅಂಗುಸ್ತಾನ, ಅಳತೆಪಟ್ಟಿ, ಚೂಪಾದ ಕತ್ತರಿ, ಇಸ್ತ್ರಿಪೆಟ್ಟಿಗೆ, ಇಷ್ಟೇ ಸಾಮಗ್ರಿಗಳು.

ಅಳತೆ

ಎಲ್ಲಾ ಅಂಗಡಿಗಳಲ್ಲಿಯೂ ಸುಲಭವಾಗಿ ಸಿಕ್ಕುವ ಅಳತೆಯ ಪುಸ್ತಕವನ್ನೇ ಆರಿಸಿಕೊಳ್ಳಬೇಕು. ಒಂದು ಪುಸ್ತಕ ತುಂಬಿದ ಮೇಲೆ ಅದೇ ಹೊದಿಕೆಗೆ ಮತ್ತೊಂದನ್ನು ತೊಡಿಸಬಹುದು. ಎ-5 ಎಂಬ ಅಳತೆಯ ಪುಸ್ತಕವು 21 ಸೆಂಟಿಮೀಟರ್ ಎತ್ತರ, 14.8 ಸೆಂಟಿಮೀಟರ್ ಅಗಲ ಇರುತ್ತದೆ. ಅದರ ಬೆನ್ನಿನ ದಪ್ಪವನ್ನು 1.5 ಸೆಂಟಿಮೀಟರ್ ಎಂದು ಇಟ್ಟುಕೊಳ್ಳೋಣ.

ಪುಸ್ತಕವನ್ನು ಮುಚ್ಚಿಯೇ ಅಳೆಯಬೇಕು. ಮುಂದಿನ ರಟ್ಟಿನ ತುದಿಯಿಂದ ಬೆನ್ನನ್ನು ಬಳಸಿ ಹಿಂದಿನ ರಟ್ಟಿನ ತುದಿಯ ವರೆಗೆ 31 ಸೆಂಟಿಮೀಟರ್ ಆಗುತ್ತದೆ. ಪದರದ ದಪ್ಪದ ನಿಮಿತ್ತ 1, ಎರಡೂ ಕಡೆ ಒಳಕ್ಕೆ ಮಡಿಸುವ ಜೇಬುಗಳಿಗೆ ಏಳೇಳರಂತೆ 14, ಹೊಲಿಗೆಯ ಅಂಚಿಗೆ 2, ಒಟ್ಟು 48 ಸೆಂಟಿಮೀಟರ್ ಉದ್ದ. ಎತ್ತರಕ್ಕೆ 21, ಸಡಿಲಿಗೆ 1, ಅಂಚಿಗೆ 2, ಒಟ್ಟು 24 ಸೆಂಟಿಮೀಟರ್. ಬೇರೆ ಅಳತೆಯ ಪುಸ್ತಕವಾದರೂ ಲೆಕ್ಕದ ಕ್ರಮವು ಇದೇ. ಆ ಒಂದು ಸೆಂಟಿಮೀಟರ್ ಸಡಿಲನ್ನು ವ್ಯರ್ಥವೆಂದು ಬಿಡಬಾರದು. ಅದಿಲ್ಲದಿದ್ದರೆ ಹೊದಿಕೆಯು ಪುಸ್ತಕಕ್ಕೆ ಏರುವುದೇ ಇಲ್ಲ.

ಆದರೆ ಆರಂಭದಲ್ಲಿಯೇ ಈ ಅಳತೆಗೆ ಕತ್ತರಿಸತಕ್ಕದ್ದಲ್ಲ. ಪದರಗಳನ್ನು ಹೊಲಿದಾಗ ಬಟ್ಟೆಯು ಸ್ವಲ್ಪ ಒಳಕ್ಕೆ ಎಳೆದುಕೊಳ್ಳುತ್ತದೆ. ಆದಕಾರಣ ದೊಡ್ಡದಾಗಿ ಹೊಲಿದು ಆಮೇಲೆ ಅಳತೆಗೆ ಕತ್ತರಿಸುವುದೇ ಸರಿಯಾದ ಕ್ರಮ.

ಹೊಲಿಯುವ ಕ್ರಮ

ಮೊದಲು 5.5 ಸೆಂಟಿಮೀಟರ್ ಅಗಲ, 28 ಸೆಂಟಿಮೀಟರ್ ಉದ್ದದ 13 ಪಟ್ಟಿಗಳನ್ನು ಕತ್ತರಿಸಿರಿ. ಬಟ್ಟೆಯ ಹಾಸುನೂಲಿನ ನೇರಕ್ಕೆ ಕತ್ತರಿಸಬೇಕು. ಓರೆಯಾಗಿ ಕತ್ತರಿಸಿದ ಪಟ್ಟಿಯು ಎಳೆದಷ್ಟು ಹಿಗ್ಗಿ ರೂಪಗೆಡುವುದು. ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಗಾಢವರ್ಣವೂ ತಿಳಿವರ್ಣವೂ ಹೇಗೆ ಹೊಂದುತ್ತವೆಂದು ದೂರ ನಿಂತು ನೋಡಿರಿ. ಏಳನೆಯದಾದ ನಡುಪಟ್ಟಿಯು ಪುಸ್ತಕದ ಬೆನ್ನಿನ ಮೇಲೆ ಬರುವುದು. ಹೀಗೆ ಬೆಸ ಸಂಖ್ಯೆಯನ್ನು ಇಟ್ಟುಕೊಂಡದ್ದರಿಂದ ಬೆನ್ನಿನ ಮೇಲೆ ಜೋಡಣೆಯ ಗೆರೆ ಬಾರದು, ಬಾಗುವ ಕಡೆ ದಪ್ಪವಾಗದು. ಅಜ್ಜಿಯ ಸೀರೆಯ ಪಟ್ಟಿಯಿದ್ದರೆ ಅದಕ್ಕೆ ಆ ಸ್ಥಳವೇ ಯೋಗ್ಯ.

ಪಟ್ಟಿಗಳನ್ನು 0.75 ಸೆಂಟಿಮೀಟರ್ ಅಂಚು ಬಿಟ್ಟು ಒಂದಕ್ಕೊಂದು ಜೋಡಿಸಿ, ಹಿಂಬದಿಯಿಂದ ಇಸ್ತ್ರಿ ಮಾಡಿರಿ. ಆಗ ಪ್ರತಿಯೊಂದು ಪಟ್ಟಿಯೂ 4 ಸೆಂಟಿಮೀಟರ್ ಅಗಲವಾಗಿ ಕಾಣುವುದು. ಮಲ್ ಬಟ್ಟೆಯನ್ನೂ ನಡುಪದರವನ್ನೂ ಇದಕ್ಕಿಂತ ಸ್ವಲ್ಪ ದೊಡ್ಡದಾಗಿ, ಅಂದರೆ 56 ಕ್ಕೆ 30 ಸೆಂಟಿಮೀಟರ್ ಅಳತೆಯಲ್ಲಿ ಕತ್ತರಿಸಿಕೊಳ್ಳಿರಿ. ಕೆಳಗೆ ಮಲ್, ಅದರ ಮೇಲೆ ಫ್ಲಾನೆಲ್, ಅದರ ಮೇಲೆ ಜೋಡಿಸಿದ ಬಟ್ಟೆ, ಹೀಗೆ ಹಾಸಿ, ಅಂಗೈಯಿಂದ ಸವರಿ ಸುಕ್ಕುಗಳನ್ನು ಬಿಡಿಸಿ, ಉದ್ದವಾದ ಕಚ್ಚಾ ಹೊಲಿಗೆಗಳಿಂದ ಮೂರು ಪದರಗಳನ್ನೂ ಬಂಧಿಸಿರಿ. ಈ ಕಚ್ಚಾ ಹೊಲಿಗೆಯನ್ನು ಅವಸರದಿಂದ ಬಿಟ್ಟುಬಿಟ್ಟವರಿಗೆ ಹಿಂಬದಿಯಲ್ಲಿ ಸುಕ್ಕುಗಳು ತಪ್ಪವು.

ಇನ್ನು ಮುಖ್ಯವಾದ ಕೆಲಸ. ಪ್ರತಿಯೊಂದು ಪಟ್ಟಿಯಲ್ಲಿಯೂ ಜೋಡಣೆಯ ಗೆರೆಯಿಂದ ಒಂದು ಸೆಂಟಿಮೀಟರ್ ಒಳಗೆ, ಎರಡೂ ಬದಿಗೆ, ಮೇಲಿನಿಂದ ಕೆಳಗೆ ಓಟದ ಹೊಲಿಗೆಯನ್ನು ಹಾಕಬೇಕು. ಹಾಗೆ ಮಾಡಿದರೆ ಸೂಜಿಯು ಜೋಡಣೆಯ ದಪ್ಪ ಅಂಚಿಗೆ ಸಿಕ್ಕಿಕೊಳ್ಳುವುದಿಲ್ಲ, ಸಾಲುಗಳೂ ತಾವಾಗಿಯೇ ಎರಡೆರಡು ಸೆಂಟಿಮೀಟರ್ ಅಂತರದಲ್ಲಿ ಬೀಳುತ್ತವೆ. ನಡುಪಟ್ಟಿಯಿಂದ ಆರಂಭಿಸಿ ಹೊರಕ್ಕೆ ಹೋಗಿರಿ. ಉಳಿದ ಸುಕ್ಕುಗಳು ಅಂಚಿಗೆ ತಳ್ಳಲ್ಪಡುವವು. ಸಿದ್ದಿ ಸ್ತ್ರೀಯರು ಅಂಚಿನಿಂದ ನಡುವಿಗೆ ಬರುವರಾದರೂ ಅವರು ತುಂಡುಗಳನ್ನು ಇಡುತ್ತಾ ಹೊಲಿಯುತ್ತಾ ಒಟ್ಟಿಗೇ ನಡೆಯುವರು. ಮೊದಲೇ ಜೋಡಿಸಿದ ನಮ್ಮ ಬಟ್ಟೆಗೆ ಆ ಕ್ರಮವು ಒಪ್ಪದು. ದಾರವು 45 ಸೆಂಟಿಮೀಟರಿಗಿಂತ ಉದ್ದವಾಗಿರಬಾರದು, ಗಂಟುಬೀಳುವುದು. ದಾರದ ತುದಿಯ ಗಂಟನ್ನು ಮೆಲ್ಲನೆ ಎಳೆದು ನಡುಪದರದೊಳಗೆ ಅಡಗಿಸಬೇಕು. ಒಂದು ಸೆಂಟಿಮೀಟರಿಗೆ ಎರಡು ಹೊಲಿಗೆಗಳಾದರೆ ಪ್ರಾರಂಭದವರಿಗೆ ಸಾಕು. ಹೊಲಿಗೆಯು ಸಣ್ಣದಾಗಿರುವುದಕ್ಕಿಂತಲೂ ಸಮನಾಗಿರುವುದು ಹೆಚ್ಚು ಮುಖ್ಯ.

ಇಪ್ಪತ್ತಾರು ಸಾಲುಗಳು, ಸಾಲೊಂದಕ್ಕೆ 28 ಸೆಂಟಿಮೀಟರ್, ಎಂದರೆ ಸುಮಾರು 1,450 ಹೊಲಿಗೆಗಳು. ಈ ಸಂಖ್ಯೆಯನ್ನು ಕೇಳಿ ಯಾರೂ ಹೆದರಬೇಕಾದ್ದಿಲ್ಲ. ದಿನಕ್ಕೆ ಮೂರು ನಾಲ್ಕು ಸಾಲುಗಳನ್ನು ಮುಗಿಸಿದರೆ ಒಂದು ವಾರದ ಸಾಯಂಕಾಲಗಳಲ್ಲಿ ಇದು ಪೂರೈಸುವುದು. ಕೈಯು ಹೊಲಿಯುತ್ತಿರುವಾಗ ಮನಸ್ಸು ಆ ಒಬ್ಬಳನ್ನು ನೆನೆಯಲು ಸ್ವತಂತ್ರವಾಗಿರುತ್ತದೆ. ಬಲ್ಲವರು ಇದನ್ನು ಪ್ರಾರ್ಥನೆಯ ವೇಳೆಯಾಗಿಯೂ ಮಾಡಿಕೊಳ್ಳುವರು.

ಹೊಲಿಗೆ ಮುಗಿದ ಬಳಿಕ ಕಚ್ಚಾ ದಾರಗಳನ್ನು ತೆಗೆದು, ನಡುಪಟ್ಟಿಯ ಮಧ್ಯದಿಂದ ಎರಡೂ ಕಡೆಗೆ 24 ಸೆಂಟಿಮೀಟರ್ ಅಳೆದು, 48 ಕ್ಕೆ 24 ಸೆಂಟಿಮೀಟರ್ ಆಗುವಂತೆ ಕತ್ತರಿಸಿರಿ. ಅಸ್ತರನ್ನೂ ಅದೇ ಅಳತೆಗೆ ಕತ್ತರಿಸಿಕೊಳ್ಳಿರಿ. ಪುಟದ ಗುರುತಿಗಾಗಿ 30 ಸೆಂಟಿಮೀಟರ್ ಉದ್ದದ ಒಂದು ನಾಡಾವನ್ನು ಮೇಲಂಚಿನ ನಡುವೆ ಇಟ್ಟು, ಅದರ ಬಿಡಿ ತುದಿಯು ಕೆಳಗಿನ ಹೊಲಿಗೆಗೆ ಸಿಕ್ಕದಂತೆ ಮಡಿಸಿ ಗುಂಡುಸೂಜಿಯಿಂದ ಹಿಡಿಸಿರಿ. ಹೊಲಿದ ಬಟ್ಟೆಯ ಒಳ್ಳೆಯ ಮುಖದ ಮೇಲೆ ಅಸ್ತರಿನ ಒಳ್ಳೆಯ ಮುಖವನ್ನು ಕವಿಚಿ, ಸುತ್ತಲೂ ಒಂದು ಸೆಂಟಿಮೀಟರ್ ಅಂಚು ಬಿಟ್ಟು ಹೊಲಿಯಿರಿ. ಕೆಳಗಿನ ಅಂಚಿನ ನಡುವೆ 10 ಸೆಂಟಿಮೀಟರ್ ಮಾತ್ರ ತೆರೆದಿಡಿರಿ. ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಅಂಚಿನೊಳಗಿನ ಫ್ಲಾನೆಲನ್ನು ಸವರಿ ತೆಗೆದರೆ ಅಂಚುಗಳು ದಪ್ಪವಾಗವು. ಬಳಿಕ ತೆರೆದ ಬಾಯಿಂದ ಮಗುಚಿ, ಇಸ್ತ್ರಿ ಮಾಡಿ, ಆ ಬಾಯನ್ನು ಕಾಣದ ಹೊಲಿಗೆಯಿಂದ ಮುಚ್ಚಿರಿ. ಈಗ ನಿಮ್ಮ ಕೈಯಲ್ಲಿರುವುದು 46 ಕ್ಕೆ 22 ಸೆಂಟಿಮೀಟರಿನ ಬಟ್ಟೆ.

ಎರಡೂ ತುದಿಗಳನ್ನು ಅಸ್ತರಿನ ಕಡೆಗೆ ಏಳೇಳು ಸೆಂಟಿಮೀಟರ್ ಮಡಿಸಿರಿ. ಹೊಲಿಯುವ ಮುಂಚೆ ಗುಂಡುಸೂಜಿ ಚುಚ್ಚಿ, ಪುಸ್ತಕವನ್ನು ತೊಡಿಸಿ, ಮುಚ್ಚಿ ನೋಡಲೇಬೇಕು. ತೆರೆದಿರುವಾಗ ಸರಿಹೋದ ಹೊದಿಕೆಯು ಮುಚ್ಚುವಾಗ ಬಿಗಿಯಾಗುವುದುಂಟು. ಆಗ ಮಡಿಕೆಯನ್ನು ಕೊಂಚ ಕಡಿಮೆ ಮಾಡಿದರಾಯಿತು. ಎರಡು ಮಡಿಕೆಗಳ ಅಂಚಿನ ನಡುವೆ, ಒಳಬದಿಯಲ್ಲಿ, ಕಟ್ಟುವುದಕ್ಕೆ ಒಂದೊಂದು ನಾಡಾವನ್ನು ಹೊಲಿಯಿರಿ. ಕೊನೆಗೆ ಜೇಬುಗಳ ಮೇಲಂಚನ್ನೂ ಕೆಳಂಚನ್ನೂ ಒತ್ತಾದ ಸುತ್ತುಹೊಲಿಗೆಯಿಂದ ಭದ್ರಪಡಿಸಿರಿ. ಬೇಕಾದರೆ ಸಿದ್ದಿಯರ ಕೌದಿಯಂತೆ ಮುಂದಿನ ಒಂದು ಮೂಲೆಗೆ ಬಟ್ಟೆಯ ಹೂವನ್ನು ಸೇರಿಸಬಹುದು.

ಒಳಗಿನ ಹೊಲಿಗೆಯು ಕಾಣುವುದಿಲ್ಲವಷ್ಟೆ ಎಂದು ಅಲಕ್ಷ್ಯ ಮಾಡಕೂಡದು. ಧಾರವಾಡದ ಕಸೂತಿಯಲ್ಲಿ ಗವಂತಿಯೆಂಬ ಹೊಲಿಗೆಯು ಬಟ್ಟೆಯ ಎರಡೂ ಮುಖಗಳಲ್ಲಿ ಒಂದೇ ರೀತಿಯಾಗಿರುತ್ತದೆ, ಎಲ್ಲಿಯೂ ಗಂಟು ಕಾಣದು. ಹೊದಿಕೆಯನ್ನು ಪಡೆದವಳು ಮೊದಲನೆಯ ದಿನ ಹೊರಬದಿಯನ್ನು ನೋಡುವಳು. ಆಮೇಲೆ ಪ್ರತಿದಿನವೂ ತೆರೆದು ನೋಡುವುದು ಒಳಬದಿಯನ್ನೇ.

ಮಾಸಿದಾಗ ಪುಸ್ತಕವನ್ನು ತೆಗೆದು, ಹೊದಿಕೆಯನ್ನು ತಣ್ಣೀರಿನಲ್ಲಿ ಮೃದುವಾದ ಸಾಬೂನಿನಿಂದ ಒಗೆದು, ಹಿಂಡದೆ ನೆರಳಿನಲ್ಲಿ ಒಣಗಿಸತಕ್ಕದ್ದು.

ಕೊಟ್ಟ ಮೇಲೆ

ಖಾಲಿ ಹೊದಿಕೆಯನ್ನು ಕೊಡಬೇಡಿರಿ. ಪುಸ್ತಕವನ್ನು ತೊಡಿಸಿಯೇ ಕೊಡಿರಿ. ಮೊದಲನೆಯ ಹಾಳೆಯಲ್ಲಿ ಹೆಸರನ್ನೂ ತಾರೀಕನ್ನೂ ಬರೆದು, ಉಳಿದದ್ದನ್ನು ಬರಿದಾಗಿ ಬಿಡಿರಿ. ಆ ಬರಿದಾದ ಹಾಳೆಗಳೇ ನಿಜವಾದ ಕಾಣಿಕೆ.

ಹಳೆಯ ವಿದ್ಯಾರ್ಥಿನಿಯರೇ, ಶಾಲೆಯಲ್ಲಿದ್ದಾಗ ನೀವು ಅಂದವಾದ ನಿಬಂಧಗಳನ್ನು ಬರೆಯುತ್ತಿದ್ದಿರಿ. ಮನೆಯ ಭಾರ ಬಿದ್ದ ಮೇಲೆ ನಿಮ್ಮಲ್ಲಿ ಅನೇಕರ ಬರವಣಿಗೆಯು ಹಾಲಿನ ಲೆಕ್ಕಕ್ಕೂ ಅಂಗಡಿಯ ಪಟ್ಟಿಗೂ ಇಳಿದುಹೋಯಿತೆಂದು ನಿಮ್ಮ ಬಾಯಿಂದಲೇ ಕೇಳಿದ್ದೇನೆ. ಹಾಗಾದರೆ ಹಾಲಿನ ಲೆಕ್ಕದಿಂದಲೇ ಆರಂಭಿಸಿರಿ. ಅದರ ಕೆಳಗೆ ಒಂದು ಸಾಲು: ಇಂದು ಮಳೆ ಹಿಡಿಯಿತು, ಮಗುವು ಎದ್ದು ನಿಂತಿತು, ಅತ್ತೆಯವರ ಕಾಲುನೋವು ಇಳಿಯಿತು. ಒಂದು ವರ್ಷದ ಮೇಲೆ ತೆರೆದು ನೋಡಿದರೆ ನಿಮ್ಮ ಜೀವಿತವು ವ್ಯರ್ಥವಾಗಿ ಕಳೆದುಹೋಗಿಲ್ಲವೆಂಬುದಕ್ಕೆ ನಿಮ್ಮ ಕೈಬರಹವೇ ಸಾಕ್ಷಿಯಾಗಿರುವುದು.

ತಂದೆತಾಯಿಗಳಲ್ಲಿ ನನ್ನದೊಂದು ವಿಜ್ಞಾಪನೆ. ರಾಜಪುತ್ರಿ ಎಲಿಜಬೆತ್ ಮಾಡಿದ ವಿಜ್ಞಾಪನೆಯೇ ಅದು. ಮಗಳ ದಿನಚರಿಯನ್ನು ಅವಳ ಅಪ್ಪಣೆಯಿಲ್ಲದೆ ತೆರೆಯಬೇಡಿರಿ. ಹೊದಿಕೆಗೆ ನಾವು ಕಟ್ಟಿದ ನಾಡಾವು ಬೀಗವಲ್ಲ. ಮೂರು ವರ್ಷದ ಮಗುವೂ ಅದನ್ನು ಬಿಚ್ಚಬಲ್ಲದು. ಅದು ಕೇವಲ ಒಂದು ವಿಶ್ವಾಸದ ಗುರುತು. ತನ್ನ ಪುಟವನ್ನು ಬೇರೆಯವರು ಓದುವರೆಂದು ತಿಳಿದ ಹುಡುಗಿಯು ಓದುವವರಿಗೆ ಒಪ್ಪುವ ಮಾತುಗಳನ್ನೇ ಬರೆಯುವಳು. ಕ್ರಮೇಣ ತನ್ನ ಸ್ವಂತ ಮನಸ್ಸು ಯಾವುದೆಂಬುದೇ ಅವಳಿಗೆ ಮರೆತುಹೋಗುವುದು. ಅವಳು ಮಂಕಾಗಿದ್ದಾಳೆಂದು ನಿಮಗೆ ಚಿಂತೆಯಾದರೆ ಪುಸ್ತಕವನ್ನು ಕೇಳಬೇಡಿರಿ, ಅವಳನ್ನೇ ಬಳಿಗೆ ಕರೆದು ಕೇಳಿರಿ. ನಾಡಾವನ್ನು ಬಿಚ್ಚದ ತಾಯಿಯೆದುರು ಮಗಳು ತಾನಾಗಿಯೇ ಬಾಯಿ ಬಿಚ್ಚುವುದನ್ನು ಶಾಲೆಯಲ್ಲಿರುವ ನಾವು ಅನೇಕ ಸಲ ಕಂಡಿದ್ದೇವೆ.

ಈ ವರ್ಷ ಶಾಲೆಯನ್ನು ಬಿಡುವ ಮಕ್ಕಳಿಗಾಗಿ ಯಾರಾದರೂ ಒಬ್ಬೊಬ್ಬರು ಒಂದೊಂದು ಹೊದಿಕೆಯನ್ನು ಹೊಲಿದರೆ ಅದೇ ಈ ಲೇಖನದ ಸಾಫಲ್ಯ. ಹೊಲಿದ ಕೈಗಳನ್ನೂ ಬರೆಯುವ ಕೈಗಳನ್ನೂ ದೇವರು ಆಶೀರ್ವದಿಸಲಿ.